ಅಕ್ಕಿಯ ಒತ್ತು ಶಾವಿಗೆ: ನಮ್ಮ ಗಂಗಾವತಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಿರಣಿ ಮುಂದೆ ಪಾಳಿ ಹಚ್ಚಿ ನಿಂತಾಗ, ಮದುವೆ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಾ ಕೂತಾಗ, ಫೋನಿನಲ್ಲಿ, ಒಂದೆರಡು ಸಲ ಕಾಗದದಲ್ಲಿ ಕೂಡ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ನಾನು ಹುಟ್ಟಿದ್ದು ಸಿಂಧನೂರು ತಾಲ್ಲೂಕಿನಲ್ಲಿ, ಕೊಟ್ಟಿದ್ದು ಗಂಗಾವತಿಗೆ. ಒತ್ತು ಶಾವಿಗೆ ಕಲಿಸಿದವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ. ಅವರು ವರ್ಗವಾಗಿ ಹೋಗುವಾಗ ತಮ್ಮ ಹಿತ್ತಾಳೆ ಒತ್ತನ್ನು ನನಗೇ ಕೊಟ್ಟು ಹೋದರು. ಇವತ್ತಿಗೂ ನಾನು ಒತ್ತುವುದು ಅದರಲ್ಲೇ.

## ಶುರುವಿಗೆ

"ಶಾವಿಗಿ ಅಂದ್ರ ಗೋಧಿದಲ್ಲೇನ್ರಿ? ಅಕ್ಕಿದು ಎಲ್ಲಿಂದ ಬಂತು?"

ನಮ್ಮಲ್ಲಿ ಶಾವಿಗೆ ಅಂದರೆ ಬೇಸಿಗೆ ಕೆಲಸ. ಗೋಧಿ ಹಿಟ್ಟು ನಾದಿ, ಮಣೆ ಮೇಲೆ ಹೊಸೆದು ಇಲ್ಲವೇ ಮಷೀನಿಗೆ ಹಾಕಿ, ಹೊರಸಿನ ಮೇಲೆ ಒಣಗಿಸಿ, ಡಬ್ಬಿ ತುಂಬಿಟ್ಟರೆ ವರ್ಷವಿಡೀ ಬೀಗರು ಬಂದಾಗೆಲ್ಲ ಪಾಯಸ. ಅಕ್ಕಿ ಶಾವಿಗೆ ಹಾಗಲ್ಲ. ಅದನ್ನು ಹಬೆಯಲ್ಲಿ ಬೇಯಿಸಿ ಆವತ್ತೇ ಉಣ್ಣಬೇಕು. ಮಲೆನಾಡು, ಹಳೇ ಮೈಸೂರು ಕಡೆ ಇದಕ್ಕೆ ಒತ್ತು ಶ್ಯಾವಿಗೆ ಅನ್ನುತ್ತಾರೆ. ಕೊಡಗಿನವರಿಗೆ ನೂಲ್‌ಪುಟ್ಟು, ತುಳುವರಿಗೆ ಸೇಮೆದಡ್ಯೆ, ಕೇರಳ ಮತ್ತು ತಮಿಳುನಾಡಿನವರಿಗೆ ಇಡಿಯಾಪ್ಪಂ. ಕೊಯಮತ್ತೂರು ಕಡೆ ಸಂದಗೈ ಅಂತಲೂ ಇದೆ.

ಇಷ್ಟು ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಯಾಕೆ ರೂಢಿಯಲ್ಲಿ ಇರಲಿಲ್ಲ ಎಂದು ನನ್ನ ಮಗಳು ಕೇಳಿದ್ದಳು. ನನಗೆ ತಿಳಿದಂತೆ ಕಾರಣ ಸರಳ. ಆನೆಗುಂದಿ ಕಡೆಯ ವಿಜಯನಗರ ಕಾಲದ ಕಾಲುವೆಗಳ ಅಂಚಿನ ಊರುಗಳನ್ನು ಬಿಟ್ಟರೆ, 1953ರಲ್ಲಿ ತುಂಗಭದ್ರಾ ಡ್ಯಾಮಿನ ನೀರು ಹರಿಯುವ ತನಕ ಇದು ಜೋಳದ ನಾಡು. ನಮ್ಮಜ್ಜಿಯಂದಿರ ಒಲೆ ರೊಟ್ಟಿ ಹಂಚಿನ ಒಲೆ. ಅನ್ನ ಹಬ್ಬಕ್ಕೆ ಮಾತ್ರ. ಅಕ್ಕಿ ತಿಂಡಿಗಳು ನಮ್ಮ ಅಡುಗೆಮನೆಗೆ ತಡವಾಗಿ ಬಂದವು, ಅದರಲ್ಲೂ ಇಡ್ಲಿ ದೋಸೆ ಮೊದಲು ಬಂದವು, ಒತ್ತು ಶಾವಿಗೆ ಹೊರಗೇ ಉಳಿಯಿತು.

"ನನಗ ಜೋಳದ ರೊಟ್ಟಿ ಬಿಟ್ರ ಏನೂ ಬರಂಗಿಲ್ಲಕ್ಕ. ಇದು ನನ್ ಕೈಲಾಗ್ತದೇನು?"

ರೊಟ್ಟಿ ಬಂದರೆ ಇದು ಮುಕ್ಕಾಲು ಪಾಲು ಬಂದ ಹಾಗೆಯೇ. ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದು.

ರೊಟ್ಟಿಗೆ ಹಿಟ್ಟು ಹೇಗೆ ಕಲಸುತ್ತೀರಿ? ಎಸರಿಡುತ್ತೀರಿ. ನೀರು ಮರಳುವಾಗ ಹಿಟ್ಟಿಗೆ ಸುರಿದು, ಸುಡುಸುಡು ಇರುವಾಗಲೇ ಕೈಗೆ ತಣ್ಣೀರು ಹಚ್ಚಿಕೊಂಡು ನಾದುತ್ತೀರಿ. ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಯಾಕೆಂದರೆ ಗೋಧಿಯಲ್ಲಿ ಎಳೆದರೆ ಹಿಗ್ಗುವ ಅಂಟು ಅದರ ಮೈಯಲ್ಲೇ ಇದೆ, ಜೋಳಕ್ಕೆ ಅದಿಲ್ಲ. ಜೋಳಕ್ಕೆ ಜಿಗಿ ಬರುವುದು ಎಸರಿನ ಕಾವಿನಿಂದ. ಬಿಸಿಗೆ ಪಿಷ್ಟದ ಕಣ ಉಬ್ಬಿ, ಒಡೆದು, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಅಕ್ಕಿಯದೂ ಅಕ್ಷರಶಃ ಇದೇ ಕಥೆ. ಶಾವಿಗೆ ಎಳೆ ಹರಿಯದೆ ಬರುವುದು ಒತ್ತಿನ ಗುಣದಿಂದಲ್ಲ, ಹಿಟ್ಟು ಎಷ್ಟು ಚೆನ್ನಾಗಿ ಎಸರು ಕುಡಿದಿದೆ ಅನ್ನುವುದರಿಂದ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ ಬೇರಿಗೆ ಬಂದು ಸೇರುತ್ತವೆ.

"ಸಾಮಾನು ಏನೇನು ಬೇಕು? ಎಲ್ಲಾ ಹೊಸದು ತರಬೇಕಾ?"

ಇಡ್ಲಿ ಪಾತ್ರೆ ನಿಮ್ಮಲ್ಲಿದೆ, ಚಕ್ಕುಲಿ ಒತ್ತೂ ಇರುತ್ತದೆ. ಅದರ ಜೊತೆ ಬಂದ ಬಿಲ್ಲೆಗಳಲ್ಲಿ ಸಣ್ಣ ತೂತಿನದನ್ನು ತೆಗೆದಿಡಿ. ಸೇವಿನ ಬಿಲ್ಲೆಯಲ್ಲಿ ಎಲ್ಲಕ್ಕಿಂತ ಸಣ್ಣದು ಸಾಕು. ಶುರುವಿಗೆ ಇಷ್ಟೇ ಇರಲಿ.

ರುಚಿ ಹತ್ತಿ, ವಾರಕ್ಕೊಮ್ಮೆ ಮಾಡುತ್ತೀರಿ ಅಂತಾದರೆ ಮೂರು ಕಾಲಿನ, ಮೇಲೆ ತಿರುಪಿನ ಹಿಡಿಕೆ ಇರುವ ಒತ್ತು ತನ್ನಿ. ಅದನ್ನು ನೆಲಕ್ಕಿಟ್ಟು ತಿರುಗಿಸಿದರಾಯಿತು, ಭುಜದ ಬಲ ಬೇಡ. ವಯಸ್ಸಾದವರಿಗೆ, ಮಣಿಕಟ್ಟು ನೋವಿರುವವರಿಗೆ ಇದೇ ಸರಿ. ಕೊಳ್ಳುವಾಗ ಒಳಗಿನ ದಿಂಡನ್ನು ಕೊಳವೆಗೆ ಇಳಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಬೇಡ, ಹಿಟ್ಟು ಪಕ್ಕದಿಂದ ಮೇಲಕ್ಕೆ ಉಕ್ಕುತ್ತದೆ. ಮರದ ಒತ್ತಾದರೆ ತೊಳೆದು ನೆರಳಲ್ಲಿ ಒಣಗಿಸಬೇಕು. ನಮ್ಮ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

"ನಾಲ್ಕು ಮಂದಿಗೆ ಎಷ್ಟು ಅಕ್ಕಿ ನೆನೆಸ್ಬೇಕು?"

ಅರ್ಧ ಕಿಲೋ. ಐದನೆಯವರು ಬಂದರೂ ಸಾಲುತ್ತದೆ.

## ಅಕ್ಕಿ, ಹಿಟ್ಟು, ನೀರು

"ಸೋನಾ ಮಸೂರಿ ನಡಿತೈತಾ, ಇಲ್ಲಾ ಅದಕ್ಕಂತ ಬ್ಯಾರೆ ಅಕ್ಕಿ ಐತಾ?"

ನಡೆಯುತ್ತದೆ. ನಾನು ಮಾಡುವುದು ಅದರಲ್ಲೇ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಮಿಲ್ಲುಗಳಿಂದ ಊರೂರಿಗೆ ಹೋಗುವ ಅಕ್ಕಿಯನ್ನು ನಾವೇ ಬಿಟ್ಟು, ಕೇರಳದ ಅಕ್ಕಿ ಹುಡುಕಿಕೊಂಡು ಹೋಗುವುದು ಯಾಕೆ?

ಒಂದು ವಿಷಯ ತಿಳಿದಿರಲಿ. ಅಕ್ಕಿ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ಜಾಸ್ತಿ ಇದ್ದರೆ ಅನ್ನ ಉದುರು, ಶಾವಿಗೆ ಎಳೆ ಗಟ್ಟಿ. ಅಮೈಲೋಪೆಕ್ಟಿನ್ ಜಾಸ್ತಿ ಇದ್ದರೆ ಅನ್ನ ಮುದ್ದೆ, ಶಾವಿಗೆ ಅಂಟಂಟು. ಸೋನಾ ಮಸೂರಿ ಇವೆರಡರ ನಡುವೆ ಬರುತ್ತದೆ. ಹಾಗಾಗಿ ನೀರು ಸ್ವಲ್ಪ ಹಿಡಿತದಲ್ಲಿರಬೇಕು, ಅಷ್ಟೇ. ಎಳೆ ಇನ್ನೂ ಬಿಡಿಬಿಡಿಯಾಗಬೇಕು ಅನ್ನುವವರು ಮೂರು ಪಾಲು ಸೋನಾಕ್ಕೆ ಒಂದು ಪಾಲು ದಪ್ಪ ಅಕ್ಕಿ ಬೆರೆಸಿ ನೋಡಿ. ಇಡ್ಲಿಗೆ ತರುವ ದಪ್ಪ ಅಕ್ಕಿಯೇ ಆದೀತು. ಅಂಗಡಿಯಲ್ಲಿ ಮಾತ್ರ ಹಸಿ ಅಕ್ಕಿ ಅಂತಲೇ ಕೇಳಿ. ಈಗ ಸ್ಟೀಮ್ ಅಕ್ಕಿ ಅಂತ ಬರುವುದು ಭತ್ತದಲ್ಲಿರುವಾಗಲೇ ಹಬೆ ಕಂಡದ್ದು. ಅನ್ನಕ್ಕೆ ಚೆಂದ, ಆದರೆ ಇದಕ್ಕೆ ಹಾಕಿದರೆ ರುಬ್ಬಲು ಹೆಚ್ಚು ಹೊತ್ತು ನೆನೆಯಬೇಕು. ಬಾಸುಮತಿ ಹಾಕಿ ದುಡ್ಡು ಕಳೆಯಬೇಡಿ.

"ಸುಗ್ಗಿ ಅಕ್ಕಿ ಈಗಷ್ಟೇ ಮನಿಗೆ ಬಂದದ. ಅದನ್ನೇ ಹಾಕ್ಲೇನ್ರಿ?"

ಹೊಸ ಅಕ್ಕಿಯ ಅನ್ನ ಯಾಕೆ ಮುದ್ದೆಯಾಗುತ್ತದೋ ಶಾವಿಗೆಯೂ ಅದೇ ಕಾರಣಕ್ಕೆ ಅಂಟುತ್ತದೆ. ಆರು ತಿಂಗಳು ಕೂತ ಅಕ್ಕಿ ಒಳ್ಳೆಯದು, ವರ್ಷದ್ದಾದರೆ ಇನ್ನೂ ಒಳ್ಳೆಯದು. ಡಿಸೆಂಬರ್ ಜನವರಿಯಲ್ಲಿ ಹೊಸ ಅಕ್ಕಿ ಬಂದಾಗ, ಮನೆಯಲ್ಲಿ ಮೂಲೆಗೆ ಉಳಿದ ಹಳೇ ಚೀಲದ ಅಕ್ಕಿಯನ್ನು ಇದಕ್ಕಂತ ಎತ್ತಿಡಿ. ಹೊಸದೇ ಗತಿ ಅಂದರೆ ನೀರು ಎಂಟರಲ್ಲೊಂದು ಪಾಲು ಕಡಿಮೆ ಮಾಡಿ.

"ರೇಷನ್ ಅಕ್ಕಿ ಆಗ್ತದೇನು? ಅದ್ರಾಗ ಪ್ಲಾಸ್ಟಿಕ್ ಕಾಳು ಇರ್ತಾವಂತ ಹೇಳ್ತಾರಲ್ಲ?"

ಧಾರಾಳವಾಗಿ ಆಗುತ್ತದೆ. ಚೆನ್ನಾಗಿ ಆರಿಸಿ, ನಾಲ್ಕೈದು ನೀರು ತೊಳೆಯಿರಿ.

ಪ್ಲಾಸ್ಟಿಕ್ ಅನ್ನುವುದು ಸುಳ್ಳು, ಈ ಹೆದರಿಕೆ ದಯವಿಟ್ಟು ಬಿಡಿ. ನೀರಲ್ಲಿ ತೇಲುವ, ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣುವ ಆ ಕಾಳು ಸಾರವರ್ಧಿತ ಅಕ್ಕಿಯದು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಲಸಿ, ಮಷೀನಿನಲ್ಲಿ ಒತ್ತಿ, ಕಾಳಿನಾಕಾರಕ್ಕೆ ಕತ್ತರಿಸಿ ಒಣಗಿಸಿರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಯೋಚಿಸಿ ನೋಡಿದರೆ ಅದೂ ಒಂದು ಒತ್ತು ಶಾವಿಗೆಯೇ, ಕಾಳಿನಷ್ಟು ಉದ್ದಕ್ಕೆ ಕತ್ತರಿಸಿದ್ದು. ಆರಿಸಿ ಎಸೆಯಬೇಡಿ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಅದು ಬೇಕಾದ್ದೇ. ತಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಉಣ್ಣಬೇಕು.

"ಅಂಗಡಿ ಪ್ಯಾಕೆಟ್ ಹಿಟ್ಟು ತಂದ್ರ ಸಾಕಲ್ಲ, ಗಿರಣಿಗೆ ಯಾಕ ಹೋಗ್ಬೇಕು?"

ಪ್ಯಾಕೆಟ್ಟಿನ ಮೇಲೆ ಇಡಿಯಾಪ್ಪಂ ಹಿಟ್ಟು ಅಂತ ಬರೆದಿದ್ದರೆ ಸಾಕು, ಅದನ್ನು ಸಣ್ಣಗೆ ಬೀಸಿ ಹುರಿದಿರುತ್ತಾರೆ. ಬರೀ ಅಕ್ಕಿ ಹಿಟ್ಟು ಅಂತ ಇರುವುದರಲ್ಲಿ ನನಗೆ ಒಂದು ಸಲ ಬಹಳ ಬೇಜಾರಾಗಿದೆ. ಮಗನ ಹುಟ್ಟುಹಬ್ಬಕ್ಕೆ ಅಂತ ತಂದ ಹಿಟ್ಟು ರವೆ ರವೆ ಇತ್ತು, ಹಳೇ ವಾಸನೆ ಬೇರೆ. ಎಷ್ಟು ಎಸರು ಹಾಕಿದರೂ ಜಿಗಿ ಬರಲಿಲ್ಲ, ಎಳೆ ಒಂದೊಂದು ಇಂಚಿಗೇ ತುಂಡಾಗಿ ಬಿತ್ತು. ಆವತ್ತಿನಿಂದ ಮನೆಯಲ್ಲೇ ಮಾಡಿಕೊಳ್ಳುತ್ತೇನೆ.

ಅಕ್ಕಿ ತೊಳೆದು 2 ಗಂಟೆ ನೆನೆಸಿ, ಬಸಿದು, ಹಳೇ ಪಂಚೆಯ ಮೇಲೆ ನೆರಳಲ್ಲಿ ಹರವಿ. ಕೈಗೆ ತಂಪು ತಾಗಬೇಕು, ನೀರು ಅಂಟಬಾರದು, ಆ ಹದಕ್ಕೆ ಬಂದಾಗ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಬೀಸಿ. ಒದ್ದೆ ಅಕ್ಕಿ ತಂದರೆ ಕಲ್ಲು ಮೆತ್ತಿಕೊಳ್ಳುತ್ತದೆ ಅಂತ ಗಿರಣಿಯವರು ಬೈಯುತ್ತಾರೆ. ಗಿರಣಿಗೇ ಹಾಕಿಸುವುದಾದರೆ ಪೂರ್ತಿ ಒಣಗಿಸಿ ಒಯ್ಯಿರಿ, ನಿಮ್ಮ ಮುಂದಿನವರು ಖಾರ ಬೀಸಿಸಿದ್ದಾರೋ ಏನೋ ನೋಡಿಕೊಳ್ಳಿ. ಬೀಸಿದ ಮೇಲೆ ಸಣ್ಣ ಸಾಣಿಗೆಯಲ್ಲಿ ಸಾಣಿಸಿ, ಮಂದ ಉರಿಯಲ್ಲಿ 5–6 ನಿಮಿಷ ಹುರಿಯಿರಿ. ಬಣ್ಣ ತಿರುಗಬಾರದು. ಹಿಟ್ಟನ್ನು ಚಿಟಿಕೆ ಹಿಡಿದು ನೆಲದ ಮೇಲೆ ರಂಗೋಲಿ ಎಳೆದರೆ ಗೆರೆ ತಡೆಯಿಲ್ಲದೆ ಬೀಳುತ್ತದೆ, ಅಲ್ಲಿಗೆ ನಿಲ್ಲಿಸಿ.

"ನಮ್ಮೂರ ಬೋರಿನ ನೀರು ಸವಳು. ಅದರಾಗ ಕಲಸಿದ್ರ ಏನಾಗ್ತೈತಿ?"

ಶಾವಿಗೆ ಕೆಡುವುದಿಲ್ಲ, ರುಚಿ ಕೆಡುತ್ತದೆ. ಅಕ್ಕಿಗೆ ತನ್ನದೇ ಆದ ಗಟ್ಟಿ ರುಚಿ ಇಲ್ಲದ್ದರಿಂದ ನೀರಿನ ಉಪ್ಪು ಎದ್ದು ಕಾಣುತ್ತದೆ. ನೆನೆಸುವುದು, ಎಸರು, ರುಬ್ಬುವುದು, ಈ ಮೂರಕ್ಕೆ ಕುಡಿಯುವ ನೀರು. ಕೆಳಗೆ ಹಬೆಗೆ ಇಡುವುದಕ್ಕೆ ಬೋರಿನ ನೀರೇ ಸಾಕು, ಉಪ್ಪು ಹಬೆಯ ಜೊತೆ ಮೇಲೆ ಬರುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟದಿರಲಿ ಅಂತ ಒಂದು ಹುಣಸೆ ಸಿಪ್ಪೆ ಹಾಕಿಡಿ.

## ಮಾಡುವ ಬಗೆ

"ಹಿಟ್ಟು ಕಲಸಿ ಒತ್ತೋದನ್ನ ಒಂದೊಂದಾಗಿ ಹೇಳ್ರಿ, ಬರ್ಕೋತೀನಿ."

ಹುರಿದ ಹಿಟ್ಟು 2 ಲೋಟ. ನೀರು ಎರಡೂವರೆ ಲೋಟ, ಅದರ ಜೊತೆ ಅರ್ಧ ಲೋಟ ಕೈಮೀಸಲು. ಉಪ್ಪು ಮುಕ್ಕಾಲು ಚಮಚ, ಎಣ್ಣೆ 2 ಚಮಚ. ನೀರಿಗೆ ಉಪ್ಪು, ಎಣ್ಣೆ ಹಾಕಿ ಒಲೆಗಿಡಿ. ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು, ನಡುವೆ ಕೊತಕೊತ ಮರಳಬೇಕು.

ಅಗಲ ಬೋಗುಣಿಯಲ್ಲಿ ಹಿಟ್ಟಿಗೆ ನೀರನ್ನು ಸುತ್ತಲೂ ಸುರಿಯುತ್ತಾ ಕಟ್ಟಿಗೆ ಸೌಟಿನಿಂದ ತಿರುವಿ. ಒಣ ಹಿಟ್ಟು ಕಾಣದ ಹಾಗೆ ಒಂದಾದ ಮೇಲೆ ಮುಚ್ಚಿ 5 ನಿಮಿಷ ಬಿಡಿ. ಈ 5 ನಿಮಿಷವನ್ನು ಯಾರೂ ತಪ್ಪಿಸಬಾರದು. ಹಿಟ್ಟು ತನ್ನ ಕಾವಿನಲ್ಲೇ ಬೇಯುವುದು ಆಗಲೇ. ಆಮೇಲೆ ಕೈಗೆ ತಣ್ಣೀರು ಹಚ್ಚಿಕೊಂಡು, ರೊಟ್ಟಿ ಹಿಟ್ಟು ನಾದಿದ ಹಾಗೆ ಅಂಗೈ ಬುಡದಿಂದ ನಾದಿ. ಕೈಮೀಸಲು ನೀರನ್ನೂ ಕುದಿಸಿಯೇ, ಚಮಚ ಚಮಚ ಸೇರಿಸಿ.

ಹದ ನೋಡುವುದು ಹೀಗೆ: ನಿಂಬೆಗಾತ್ರದ ಉಂಡೆ ಮಾಡಿ ಹೆಬ್ಬೆರಳಿಂದ ಒತ್ತಿ. ಅಂಚು ಸೀಳಿದರೆ ನೀರು ಬೇಕು. ಬೆರಳಿಗೆ ಮೆತ್ತಿದರೆ ಹೆಚ್ಚಾಗಿದೆ, ಒಂದೆರಡು ಚಮಚ ಹಿಟ್ಟು ಹಾಕಿ. ಅಂಚು ಸೀಳದೆ, ಬೆರಳು ತೆಗೆದಾಗ ಗುಳಿ ಹಾಗೇ ನಿಂತರೆ ಸರಿ.

ಒತ್ತಿನ ಒಳಗೂ ದಿಂಡಿಗೂ ಎಣ್ಣೆ ಸವರಿ, ಬಿಸಿ ಹಿಟ್ಟು ತುಂಬಿ, ಎಣ್ಣೆ ಸವರಿದ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಒತ್ತಿ. ಎರಡು ಸುತ್ತು ಸಾಕು. ನಾಲ್ಕು ಸುತ್ತು ಪೇರಿಸಿದರೆ ನಡುವಿನದು ಹಸಿ ಉಳಿಯುತ್ತದೆ. ಉಳಿದ ಹಿಟ್ಟಿನ ಮೇಲೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿರಲಿ. ನಮ್ಮ ಫ್ಯಾನಿನ ಗಾಳಿಗೆ ಎರಡೇ ನಿಮಿಷದಲ್ಲಿ ಮೇಲ್ಪದರ ಒಣಗುತ್ತದೆ.

"ತೀರ್ಥಹಳ್ಳಿ ಅಮ್ಮಾರು ರುಬ್ಬಿ ಮಾಡ್ತಿದ್ರಲ್ಲ, ಅದು ಹೆಂಗ?"

ಆ ರೀತಿಯಲ್ಲಿ ಮೊದಲು ಬೇಯಿಸುವುದು, ಆಮೇಲೆ ಒತ್ತುವುದು.

ಅಕ್ಕಿ ಅರ್ಧ ಕಿಲೋ, ಅಂದರೆ ಎರಡೂವರೆ ಲೋಟ ಆಸುಪಾಸು, 4 ಗಂಟೆ ನೆನೆಸಿ. ರುಬ್ಬುವಾಗ ಎರಡು ಹಿಡಿ ತೆಂಗಿನ ತುರಿ ಹಾಕಿದರೆ ಮೆತ್ತಗಾಗುತ್ತದೆ. ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿ, ಮಿಕ್ಸಿ ತೊಳೆದ ನೀರೂ ಸೇರಿ ಸುಮಾರು ಮೂರೂವರೆ ಲೋಟ ನೀರು ಆಗಲಿ. ದೋಸೆ ಹಿಟ್ಟಿಗಿಂತ ತೆಳ್ಳಗೆ ಕಾಣುತ್ತದೆ, ಹೆದರಬೇಡಿ. ಉಪ್ಪು, 3 ಚಮಚ ಎಣ್ಣೆ ಹಾಕಿ ದಪ್ಪ ತಳದ ಬಾಣಲೆಯಲ್ಲಿ ಮಂದ ಉರಿಗಿಟ್ಟು ಕೈಬಿಡದೆ ತಿರುವಿ. ಮೊದಲು ಗಂಟು ಗಂಟಾಗಿ, ಆಮೇಲೆ ಒಮ್ಮೆಲೇ ಒಟ್ಟುಗೂಡಿ, ಬಾಣಲೆಯ ಮೈ ಬಿಟ್ಟು ಮುದ್ದೆ ಕಟ್ಟುತ್ತದೆ. ಮುದ್ದೆ ಮೇಲೆ ಹೊಳಪು ಬಂದಾಗ ಇಳಿಸಿ.

ಒತ್ತಿನ ಕೊಳವೆಗೆ ಹೊಂದುವ ಹಾಗೆ ಉದ್ದುದ್ದ ಉಂಡೆ ಕಟ್ಟಿ, ಹಬೆಯಲ್ಲಿ 15–20 ನಿಮಿಷ ಬೇಯಿಸಿ. ಒಂದನ್ನು ಮುರಿದು ನೋಡಿ. ನಡುವೆ ಬಿಳಿ ಪುಡಿಯಂಥ ಚುಕ್ಕೆ ಕಂಡರೆ ಇನ್ನೂ 5 ನಿಮಿಷ. ಕೆಲವರು ಉಂಡೆಗಳನ್ನು ಮರಳುವ ನೀರಿಗೇ ಬಿಡುತ್ತಾರೆ, ತೇಲಿದ ಮೇಲೂ 10 ನಿಮಿಷ ಬಿಟ್ಟು ತೆಗೆಯುತ್ತಾರೆ. ಉಂಡೆಯನ್ನು ಒಂದೊಂದಾಗಿ ತೆಗೆದು, ಹೊಗೆಯಾಡುತ್ತಿರುವಾಗಲೇ ಒತ್ತಬೇಕು. ಉಳಿದವು ಮುಚ್ಚಿದ ಹಬೆಯಲ್ಲೇ ಕಾಯಲಿ. ಒತ್ತಿದ್ದನ್ನು ಮತ್ತೆ ಬೇಯಿಸುವುದು ಬೇಡ.

ಆ ಅಮ್ಮ ಒತ್ತುವಾಗ ಎಡಗೈಯಲ್ಲಿ ತಟ್ಟೆಯನ್ನು ನಿಧಾನಕ್ಕೆ ತಿರುಗಿಸುತ್ತಿದ್ದರು. ಎಳೆ ಬಿದ್ದಲ್ಲೇ ಬೀಳದೆ ಹೂವಿನ ಸಿಂಬಿಯ ಹಾಗೆ ಸುತ್ತಿಕೊಳ್ಳುತ್ತಿತ್ತು. ನನಗೆ ಅಷ್ಟು ಸೊಗಸಾಗಿ ಬರಲು ಎರಡು ವರ್ಷ ಹಿಡಿಯಿತು.

"ಎರಡರಾಗ ಯಾವುದು ಛಲೋ?"

ನನ್ನ ಕೇಳಿದರೆ ರುಬ್ಬಿದ್ದು. ಎಳೆ ಮೆತ್ತಗೆ, ಸಂಜೆಯ ತನಕವೂ ಮೆತ್ತಗೆ, ಅಕ್ಕಿಯ ಸಿಹಿ ಬಾಯಿಗೆ ಸಿಗುತ್ತದೆ. ಆದರೆ ಬಿಸಿ ಉಂಡೆ ಒತ್ತಲು ತಿರುಪಿನ ಒತ್ತು ಇಲ್ಲವೇ ಜೊತೆಗೊಬ್ಬರು ಬೇಕು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಅವಸರವಿದ್ದರೆ ಹಿಟ್ಟಿನದೇ ಮಾಡಿ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

"ಹಿಟ್ಟಿನ ಶಾವಿಗಿ ಎಷ್ಟೊತ್ತು ಬೇಯಿಸ್ಬೇಕು? ಕುಕ್ಕರಿಗೆ ಸೀಟಿ ಹಾಕ್ಬೇಕಾ?"

ಸೀಟಿ ಬೇಡ. ನೀರು ಮೊದಲೇ ಮರಳಿರಲಿ, ಆಮೇಲೆ ತಟ್ಟೆ ಇಳಿಸಿ 8–10 ನಿಮಿಷ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು, ಎಳೆ ಹಸಿ ಬಿಳುಪು ಬಿಟ್ಟು ಸ್ವಲ್ಪ ಗಾಜಿನಂತೆ ಹೊಳೆಯಬೇಕು. ಮುಚ್ಚಳಕ್ಕೆ ಒಳಗಿನಿಂದ ತೆಳು ಬಟ್ಟೆ ಕಟ್ಟಿ. ಇಲ್ಲದಿದ್ದರೆ ಮುಚ್ಚಳದ ಬೆವರು ತೊಟ್ಟಿಕ್ಕಿ, ಬಿದ್ದ ಜಾಗದಲ್ಲಿ ಎಳೆಗಳು ಕರಗಿ ಗಂಜಿಯಾಗುತ್ತವೆ.

"ರಾತ್ರಿ ನೆನೆಸಿಟ್ಟಿದ್ದೆ, ಬೆಳಿಗ್ಗೆ ಹುಳಿ ವಾಸನಿ ಬಂತು."

ಮಲೆನಾಡಿನ ಲೆಕ್ಕ ನಮ್ಮ ಏಪ್ರಿಲ್ ಮೇ ತಿಂಗಳಿಗೆ ಹೊಂದುವುದಿಲ್ಲ. 40 ಡಿಗ್ರಿ ದಾಟುವ ದಿನಗಳಲ್ಲಿ 3 ಗಂಟೆಗೆ ಅಕ್ಕಿ ಉಗುರಿಗೆ ಮುರಿಯುತ್ತದೆ, ಅಷ್ಟು ಸಾಕು. ರಾತ್ರಿಯೇ ನೆನೆಸಬೇಕಾದರೆ ಫ್ರಿಡ್ಜಿನಲ್ಲಿಡಿ.

## ಹದ ತಪ್ಪಿದಾಗ

"ಒತ್ತುವಾಗ ಎಳಿ ಹರಿತೈತಿ, ಯಾಕ?"

ಹತ್ತರಲ್ಲಿ ಎಂಟು ಸಲ ನೀರು ಮರಳಿರುವುದಿಲ್ಲ, ಬರೀ ಬಿಸಿಯಾಗಿರುತ್ತದೆ. ಇಲ್ಲವೇ ಮುಚ್ಚಿ ಬಿಡುವ 5 ನಿಮಿಷ ತಪ್ಪಿರುತ್ತದೆ. ಆ ಹಿಟ್ಟನ್ನು ಚೆಲ್ಲಬೇಡಿ. ಮುಷ್ಟಿಗಾತ್ರದ ಉಂಡೆ ಕಟ್ಟಿ 10 ನಿಮಿಷ ಹಬೆಗಿಟ್ಟು, ಬಿಸಿಯಲ್ಲೇ ಮತ್ತೆ ನಾದಿ ಒತ್ತಿ. ಕಡಿಮೆ ಬಿದ್ದ ಕಾವು ಹೀಗೆ ಸೇರಿಕೊಳ್ಳುತ್ತದೆ. ಒಂದೇ ತೂತಿನಿಂದ ಎಳೆ ಬರುತ್ತಿಲ್ಲ ಅಂದರೆ ಮಾತ್ರ ಅದು ಸಾಣಿಸದ ಹಿಟ್ಟಿನ ರವೆ ಸಿಕ್ಕಿರುವುದು.

"ಎಲ್ಲಾ ಅಂಟ್ಕೊಂಡು ಮುದ್ದಿ ಆತು."

ಹೊಸ ಅಕ್ಕಿ, ಹೆಚ್ಚು ನೀರು, ಇಲ್ಲವೇ ಬೆಂದ ತಕ್ಷಣ ಕಿತ್ತು ತೆಗೆದದ್ದು. ಮೊದಲೆರಡಕ್ಕೆ ಮೇಲೆ ಹೇಳಿದೆ. ಮೂರನೆಯದಕ್ಕೆ 3 ನಿಮಿಷ ತಾಳ್ಮೆ ಬೇಕು. ತಟ್ಟೆ ಹೊರಗಿಟ್ಟು ಹಬೆ ಹಾರಿದ ಮೇಲೆ ಎಬ್ಬಿಸಿದರೆ ಬಿಡಿಯಾಗಿ ಬರುತ್ತದೆ. ಮುದ್ದೆಯಾದದ್ದನ್ನು ಕೈಯಾರೆ ಉದುರಿಸಿ ಒಗ್ಗರಣೆ ಹಾಕಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ.

"ಒತ್ತಾಕ ಬಲ ಸಾಲಂಗಿಲ್ರಿ, ಕೈ ಬೊಬ್ಬಿ ಬರ್ತಾವ."

ಹಿಟ್ಟು ಆರಿದೆ ಅಂತ ಅರ್ಥ. ಆರಿದ ಹಿಟ್ಟಿನ ಜೊತೆ ಜಗಳಾಡಬೇಡಿ, ಮತ್ತೆ ಹಬೆ ತೋರಿಸಿ. ಒತ್ತನ್ನೂ ಬಿಸಿನೀರಲ್ಲಿ ಅದ್ದಿ ತೆಗೆದು ತುಂಬಿದರೆ ಹಗುರಾಗುತ್ತದೆ. ಮೊದಮೊದಲು ನಾನು ಉಂಡೆಯನ್ನು ಬರಿಗೈಯಲ್ಲಿ ಎತ್ತಿ, ಅಂಗೈ ಸುಟ್ಟುಕೊಂಡು ಒಂದು ವಾರ ರೊಟ್ಟಿ ಬಡಿಯಲಾಗಲಿಲ್ಲ. ಇಕ್ಕಳ ಬಳಸಿ. ಸುಟ್ಟರೆ ಹರಿಯುವ ನೀರಿನಡಿ 20 ನಿಮಿಷ ಕೈ ಹಿಡಿಯಿರಿ, ಟೂತ್‌ಪೇಸ್ಟ್, ಹಿಟ್ಟು ಏನೂ ಮೆತ್ತಬೇಡಿ.

"ಮಧ್ಯಾಹ್ನಕ್ಕ ಡಬ್ಬಿ ತಗದ್ರ ಗಟ್ಟಿ ಆಗಿರ್ತದ. ಫ್ರಿಡ್ಜಿನಾಗ ಇಟ್ರಂತೂ ಕಲ್ಲು."

ಬೆಂದ ಪಿಷ್ಟ ತಣ್ಣಗಾದರೆ ಮತ್ತೆ ಬಿಗಿದುಕೊಳ್ಳುತ್ತದೆ, ಅದು ಅದರ ಗುಣ. 3–4 ನಿಮಿಷ ಹಬೆ ಕೊಟ್ಟರೆ ಮೊದಲಿನ ಹಾಗೆ ಮೆತ್ತಗಾಗುತ್ತದೆ. ಡಬ್ಬಿಗೆ ಕಟ್ಟುವುದಾದರೆ ಹಿಟ್ಟಿಗೆ ಇನ್ನೊಂದು ಚಮಚ ಎಣ್ಣೆ ಹಾಕಿ, ರುಬ್ಬಿದ ಬಗೆಯದನ್ನೇ ಮಾಡಿ. ಬೇಸಿಗೆಯಲ್ಲಿ ಹೊರಗೆ ಇಡೀ ದಿನ ಇಟ್ಟದ್ದನ್ನು ಬಿಸಿ ಮಾಡಿಯೂ ತಿನ್ನಬೇಡಿ. ಬೆಂದ ಅಕ್ಕಿಯಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾದ ನಂಜು ಕುದಿಸಿದರೂ ಹೋಗುವುದಿಲ್ಲ.

## ಊಟಕ್ಕೆ

"ತೆಂಗಿನಕಾಯಿ ರೇಟು ಈ ಪರಿ ಐತಿ. ಕಾಯಿಹಾಲು ಬಿಟ್ರ ಬ್ಯಾರೆ ಏನಿಲ್ಲೇನು?"

ಮಲೆನಾಡಿನಲ್ಲಿ ಕಾಯಿಹಾಲು, ಎಳ್ಳು ಬೆಲ್ಲ. ಕೊಡಗು, ತುಳುನಾಡಿನಲ್ಲಿ ಕೋಳಿ ಸಾರು. ಅವರು ಅವರಲ್ಲಿ ಬೆಳೆದದ್ದನ್ನು ಹಚ್ಚಿಕೊಂಡರು, ನಾವು ನಮ್ಮದನ್ನು ಹಚ್ಚಿಕೊಳ್ಳೋಣ.

ಎಳ್ಳಿನ ಹಾಲು ಮಾಡಿ. ಅರ್ಧ ಲೋಟ ಬಿಳಿ ಎಳ್ಳನ್ನು ಚಟಪಟ ಅನ್ನುವಷ್ಟು ಹುರಿದು, 2 ಗಂಟೆ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕರಗಿಸಿ ಸೋಸಿದ ಬೆಲ್ಲ ಮತ್ತು ಏಲಕ್ಕಿ ಬೆರೆಸಿ. ಶೇಂಗಾದ ಹಾಲೂ ಆಗುತ್ತದೆ. ಅದನ್ನು ಸೋಸಿದ ಮೇಲೆ ತಿರುವುತ್ತಾ 10 ನಿಮಿಷ ಕುದಿಸಲೇಬೇಕು, ಹಸಿ ವಾಸನೆ ಹೋಗಬೇಕಲ್ಲ. ಮಾವಿನ ಕಾಲದಲ್ಲಿ ಸೀಕರಣೆ ಜೊತೆ ಉಂಡವರು ಬೇರೇನೂ ಕೇಳುವುದಿಲ್ಲ.

ನಮ್ಮ ಮನೆಯಲ್ಲಿ ಬಹಳ ಓಡುವುದು ಖಾರದ್ದು. ಶೇಂಗಾ ಎಣ್ಣೆಗೆ ಸಾಸಿವೆ, ಶೇಂಗಾ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಶಾವಿಗೆ ಉದುರಿಸಿ ಹಾಕಿ, ನಿಂಬೆ ಹಿಂಡಿ, ಮೇಲೆ ಪುಟಾಣಿ ಪುಡಿ ಉದುರಿಸಿ. ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಮಾಡಿದ ಹಾಗೆಯೇ. ಜೊತೆಗೆ ಮಿರ್ಚಿ ಬಜ್ಜಿ ಇದ್ದರೆ ಬಳ್ಳಾರಿಯವರು ಎದ್ದು ಹೋಗುವುದಿಲ್ಲ.

"ಅಕ್ಕಿ ಶಾವಿಗಿಲೆ ಸುರಕುಂಬಾ ಮಾಡಬಹುದಾ ಆಪಾ?"

ಬೇಡಮ್ಮಾ. ಸುರಕುಂಬಾಕ್ಕೆ, ಅಂದರೆ ಈದ್ ಹಬ್ಬದ ಶಾವಿಗೆ ಪಾಯಸಕ್ಕೆ, ತುಪ್ಪದಲ್ಲಿ ಹುರಿದು ಹಾಲಿನಲ್ಲಿ ಕುದಿಸಿದರೂ ನಿಲ್ಲುವ ಗೋಧಿ ಎಳೆಯೇ ಬೇಕು. ಅಕ್ಕಿಯದು ಹಾಲಿನಲ್ಲಿ ಕರಗಿ ಗಂಜಿಯಾಗುತ್ತದೆ. ಆದರೆ ಸುರಕುಂಬಾದ ಗೋಡಂಬಿ, ಖರ್ಜೂರದ ಹಾಲನ್ನು ಆರಿಸಿ, ಬಿಸಿ ಅಕ್ಕಿ ಶಾವಿಗೆಯ ಮೇಲೆ ಸುರಿದು ತಿಂದು ನೋಡು.

"ನಮ್ಮ ಮನೆಯವರಿಗೆ ಸಕ್ಕರಿ ಕಾಯಿಲೆ. ಹಬೆಯಾಗ ಬೇಯಿಸಿದ್ದಲ್ಲ, ತಿನ್ನಬಹುದಾ?"

ಹಬೆಯಲ್ಲಿ ಬೆಂದರೂ ಅಕ್ಕಿ ಅಕ್ಕಿಯೇ. ಎಣ್ಣೆ ಕಡಿಮೆ ಅಷ್ಟೇ, ಸಕ್ಕರೆ ಏರಿಸುವುದರಲ್ಲಿ ಅನ್ನಕ್ಕಿಂತ ಬೇರೆಯಲ್ಲ. ಬೆಲ್ಲದ ಹಾಲು ಬಿಡಿ. ಒಂದು ಸುತ್ತು ಶಾವಿಗೆ, ಅದರ ಎರಡರಷ್ಟು ಕಾಳಿನ ಪಲ್ಯ ಬಡಿಸಿ. ಎಷ್ಟು ತಿನ್ನಬಹುದು ಅನ್ನುವುದನ್ನು ಅವರ ಡಾಕ್ಟರೇ ಹೇಳಬೇಕು.

"ಮಗುವಿಗೆ ಗೋಧಿ ಆಗಂಗಿಲ್ಲ ಅಂದಾರ. ಇದು ಕೊಡಬಹುದಲ್ಲ?"

ಕೊಡಬಹುದು, ಅಕ್ಕಿಯಲ್ಲಿ ಗ್ಲುಟೆನ್, ಅಂದರೆ ಗೋಧಿಯ ಆ ಅಂಟು, ಇಲ್ಲ. ಆದರೆ ಗಿರಣಿ ಹಿಟ್ಟು ಬೇಡ. ಅದೇ ಕಲ್ಲಿನಲ್ಲಿ ಗೋಧಿ ಬೀಸಿರುತ್ತಾರೆ, ಅಂಥ ಮಕ್ಕಳಿಗೆ ಅಷ್ಟೇ ಸಾಕು ಹೊಟ್ಟೆ ಕೆಡಲು. ರುಬ್ಬಿ ಮಾಡಿ.

## ಕೈ ಕುದುರಿದ ಮೇಲೆ

"ಜೋಳದ್ದು, ರಾಗಿದು, ಸಜ್ಜಿದು ಹಿಂಗ ಒತ್ತಬಹುದಾ?"

ರಾಗಿ ಸುಲಭ, ಒಂದಕ್ಕೊಂದು ಅಕ್ಕಿ ಹಿಟ್ಟು ಬೆರೆಸಿದರೆ ಎಳೆ ನಿಲ್ಲುತ್ತದೆ. ಜೋಳವೂ ಬರುತ್ತದೆ, ಆದರೆ ಹಿಟ್ಟು ಆ ವಾರ ಬೀಸಿಸಿದ್ದಾಗಿರಬೇಕು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ ಅಂತ ರೊಟ್ಟಿ ಬಡಿಯುವವರಿಗೆ ನಾನು ಹೇಳಬೇಕಿಲ್ಲ. ಜೋಳದ ಹಿಟ್ಟನ್ನು ಎಸರಿನಲ್ಲಿ ಕಲಸಿ, ಉಂಡೆ ಕಟ್ಟಿ, 15 ನಿಮಿಷ ಹಬೆಗಿಟ್ಟು, ನಾದಿ, ಒತ್ತಿ, ಮತ್ತೆ 5 ನಿಮಿಷ ಬೇಯಿಸಿ. ಎರಡು ಕಾವು ಬೇಕು ಅದಕ್ಕೆ. ಗುರೆಳ್ಳು ಚಟ್ನಿ ಪುಡಿ, ಮೊಸರು ಹಾಕಿಕೊಂಡು ತಿಂದರೆ ರೊಟ್ಟಿ ಊಟದ ರುಚಿಯೇ ಬೇರೆ ರೂಪದಲ್ಲಿ ಬಾಯಿಗೆ ಬರುತ್ತದೆ. ಹಲ್ಲಿಲ್ಲದ ನಮ್ಮ ಅತ್ತೆಯವರು ಕಡೆಯ ಎರಡು ವರ್ಷ ಜೋಳ ಉಂಡದ್ದು ಹೀಗೆಯೇ. ಸಜ್ಜೆ ನನ್ನ ಕೈಗೆ ಇನ್ನೂ ಒಲಿದಿಲ್ಲ, ಅರ್ಧ ಅಕ್ಕಿ ಬೆರೆಸಿದಾಗ ಮಾತ್ರ ಬಂದಿದೆ.

"ಗೋಧಿ ಶಾವಿಗಿ ಹಂಗ ಒಣಗಿಸಿ ಇಡಬಹುದಾ?"

ನಮ್ಮ ಬಿಸಿಲು ಇರುವುದೇ ಇದಕ್ಕೆ. ಬೆಂದ ಶಾವಿಗೆಯನ್ನು ತೆಳ್ಳಗೆ, ಒಂದೇ ಸುತ್ತು ಬಟ್ಟೆಯ ಮೇಲೆ ಹರವಿ, ಮೇಲೊಂದು ತೆಳು ಸೀರೆ ಮುಚ್ಚಿ ಎರಡು ದಿನ ಒಣಗಿಸಿ. ಮುರಿದರೆ ಟಕ್ ಅನ್ನಬೇಕು. ಗೋಧಿಯದಕ್ಕಿಂತ ಪೆಡಸು, ಡಬ್ಬಿಯಲ್ಲಿ ಅದುಮಿ ತುಂಬಬೇಡಿ. ಬೇಕಾದಾಗ ಮರಳುವ ನೀರಿಗೆ ಹಾಕಿ 2–3 ನಿಮಿಷಕ್ಕೆ ಬಸಿದು ಒಗ್ಗರಣೆಗೆ ಬಳಸಿ. ಕಾಯಿಹಾಲಿಗೆ ಮಾತ್ರ ಆವತ್ತು ಒತ್ತಿದ್ದೇ ಬೇಕು.

"ಹಿತ್ತಾಳಿ ಒತ್ತಿನ ತೂತು ಮುಚ್ಚಿ ಹೋಗ್ಯಾವ, ಪಿನ್ನು ಹಾಕಿದ್ರೂ ಬರವಲ್ವು."

ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ, ಹಿಟ್ಟು ಉಬ್ಬಿ ತಾನೇ ಸಡಿಲುತ್ತದೆ. ಬೆಳಿಗ್ಗೆ ಹಿಂದಿನಿಂದ ಮುಂದಕ್ಕೆ ಕಸಬರಿಗೆ ಕಡ್ಡಿ ತೂರಿಸಿ. ಪಿನ್ನು ತೂತಿನ ಅಂಚನ್ನು ಗೀರುತ್ತದೆ, ಗೀರಿದ ತೂತಿನ ಎಳೆ ಮುಂದೆ ಯಾವಾಗಲೂ ಒರಟು. ಹುಣಸೆಹಣ್ಣಿಂದ ಉಜ್ಜಿ, ಒರೆಸಿ, ಎಣ್ಣೆ ಸವರಿ ಎತ್ತಿಡಿ.

"ಸೀಮಂತಕ್ಕ ಐವತ್ತು ಮಂದಿಗೆ ಮಾಡ್ಬೇಕಂತ ಮಾಡೀವಿ. ಸಾಧ್ಯ ಐತಾ?"

ಸಾಧ್ಯವಿದೆ, ನಾವು ಎರಡು ಸಲ ಮಾಡಿದ್ದೇವೆ. 6 ಕಿಲೋ ಹಳೇ ಅಕ್ಕಿ, ಎರಡು ತಿರುಪಿನ ಒತ್ತು, ನಾಲ್ಕು ಮಂದಿ. ಒಬ್ಬರು ಬಾಣಲೆಗೆ, ಒಬ್ಬರು ಹಬೆಗೆ, ಇಬ್ಬರು ಒತ್ತಿಗೆ. ಎಲ್ಲಾ ಹಿಟ್ಟನ್ನು ಒಮ್ಮೆಗೇ ಮುದ್ದೆ ತಿರುವಲು ಹೋಗಬೇಡಿ, ಒಂದೊಂದು ಕಿಲೋದಂತೆ ಆರು ಸಲ ಮಾಡಿ. ದೊಡ್ಡ ಮುದ್ದೆ ನಡುವೆ ಹಸಿ ಉಳಿದು, ತುದಿ ಆರಿ, ಒತ್ತುವವರ ತೋಳು ಬೀಳುತ್ತದೆ.

ಒತ್ತಿದ್ದನ್ನು ಸ್ಟೀಲ್ ಡ್ರಮ್ಮಿಗೆ ತುಂಬಿ ಮುಚ್ಚಬೇಡಿ. ಒಳಗೆ ಬೆವರಿ, ಬಡಿಸುವ ಹೊತ್ತಿಗೆ ಒಂದೇ ಗಡ್ಡೆಯಾಗಿರುತ್ತದೆ. ನಾವು ತೊಳೆದ ಬಿದಿರ ಪುಟ್ಟಿಗೆ ಬಿಳಿ ಪಂಚೆ ಹಾಸಿ, ಬಾಳೆ ಎಲೆ ಇಟ್ಟು, ಎರಡು ಸುತ್ತಿಗೊಂದು ಎಲೆ ಅಡ್ಡ ಹಾಕುತ್ತಾ ಜೋಡಿಸಿದೆವು. ಊಟ ಹನ್ನೆರಡಕ್ಕೆ ಇದ್ದರೆ ಒತ್ತುವುದು ಎಂಟಕ್ಕೆ ಶುರುವಾಗಲಿ, ಅದಕ್ಕಿಂತ ಮೊದಲು ಬೇಡ. ಎಳ್ಳಿನ ಹಾಲನ್ನು ಬೆಳಿಗ್ಗೆಯೇ ಮಾಡಿ, ಮಣ್ಣಿನ ಗಡಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ. ಬಸುರಿ ಹೆಣ್ಣುಮಗಳಿಗೆ ಮೊದಲ ತಟ್ಟೆ ಹಬೆಯಿಂದ ಇಳಿಸಿದ್ದನ್ನೇ ಕೊಡಿ, ತುಪ್ಪ ಹಾಕಿ.